ಆತಿಥೇಯನ ದನಿ: ಆಲ್ಫ್ರೆಡ್ ಬಿಯೋಲೆಕ್

ಕೇಳುಗರಿಗೆ ನಮಸ್ಕಾರ.

ದೂರದರ್ಶನದ ಚರ್ಚೆ ಎಂದೊಡನೆ ನಾಲ್ಕಾರು ಮಂದಿ ಒಟ್ಟಿಗೆ ಕೂಗಾಡುವ, ನಿರೂಪಕ ಅವರೆಲ್ಲರಿಗಿಂತ ಜೋರಾಗಿ ಕೂಗುವ ದೃಶ್ಯವೇ ನಮ್ಮ ಕಣ್ಣ ಮುಂದೆ ಬರುತ್ತದೆ. ಆದರೆ ಜರ್ಮನಿಯಲ್ಲಿ ಮೂರು ದಶಕಗಳ ಕಾಲ, ಕೈಯಲ್ಲಿ ಒಂದಿಷ್ಟು ಚೀಟಿಗಳನ್ನು ಹಿಡಿದು, ಮೂಗಿನ ಮೇಲೆ ಕನ್ನಡಕ ಏರಿಸಿ, ಮನೆಗೆ ಬಂದ ನೆಂಟರನ್ನು ವಿಚಾರಿಸುವಷ್ಟು ಸೌಜನ್ಯದಿಂದ ಪ್ರಶ್ನೆ ಕೇಳುತ್ತಿದ್ದ ಒಬ್ಬ ನಿರೂಪಕರಿದ್ದರು. ಅವರ ಹೆಸರು ಆಲ್ಫ್ರೆಡ್ ಬಿಯೋಲೆಕ್. ಜನ ಅವರನ್ನು ಪ್ರೀತಿಯಿಂದ ಚಿಕ್ಕದಾಗಿ ‘ಬೀಯೋ’ ಎಂದು ಕರೆಯುತ್ತಿದ್ದರು.

ಬಿಯೋಲೆಕ್ ಹುಟ್ಟಿದ್ದು 1934ರ ಜುಲೈ 10ರಂದು, ಅಂದಿನ ಚೆಕೊಸ್ಲೊವಾಕಿಯಾದ ಫ್ರೈಸ್ಟಾಟ್ ಎಂಬ ಊರಿನಲ್ಲಿ. ಇಂದು ಅದು ಚೆಕ್ ಗಣರಾಜ್ಯದ ಕಾರ್ವಿನಾ ನಗರದ ಒಂದು ಭಾಗ. ತಂದೆ ವಕೀಲರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ಜರ್ಮನ್ ಭಾಷಿಕರನ್ನು ದೇಶದಿಂದ ಹೊರಹಾಕಿದಾಗ, ಈ ಕುಟುಂಬವೂ 1946ರಲ್ಲಿ ಮನೆಮಠ ಬಿಟ್ಟು ಸ್ಟುಟ್‌ಗಾರ್ಟ್ ಬಳಿಯ ವೈಬ್ಲಿಂಗನ್ ಪಟ್ಟಣಕ್ಕೆ ಬಂದು ನೆಲೆಸಿತು. ಹನ್ನೆರಡು ವರ್ಷದ ಹುಡುಗನೊಬ್ಬ ಅಪರಿಚಿತರ ನಡುವೆ ಹೊಸದಾಗಿ ಬದುಕು ಕಟ್ಟಿಕೊಳ್ಳಬೇಕಾಗಿ ಬಂದದ್ದಕ್ಕೂ, ಮುಂದೆ ಅವರು ಅಪರಿಚಿತರ ಮಾತನ್ನು ಅಷ್ಟು ಸಹನೆಯಿಂದ ಕೇಳಿಸಿಕೊಂಡದ್ದಕ್ಕೂ ನಂಟಿರಬಹುದೆಂದು ನನಗೆ ಅನ್ನಿಸುತ್ತದೆ. ಇದು ನನ್ನ ಊಹೆಯಷ್ಟೇ.

ತಂದೆಯ ದಾರಿ ಹಿಡಿದು ಅವರು ಕಾನೂನು ಓದಿದರು, ಡಾಕ್ಟರೇಟ್ ಪಡೆದರು. 1963ರಲ್ಲಿ ಆಗಷ್ಟೇ ಪ್ರಸಾರ ಆರಂಭಿಸಿದ್ದ ‘ಜೆಡ್‌ಡಿಎಫ್’ ಎಂಬ ಸಾರ್ವಜನಿಕ ದೂರದರ್ಶನ ಸಂಸ್ಥೆಗೆ ಸೇರಿದ್ದೂ ಕಾನೂನು ತಜ್ಞರಾಗಿಯೇ. ಒಪ್ಪಂದಪತ್ರಗಳನ್ನು ತಿದ್ದಲು ಬಂದವರು ಕೆಲವೇ ವರ್ಷಗಳಲ್ಲಿ ಕಡತ ಬಿಟ್ಟು ಕ್ಯಾಮೆರಾದ ಎದುರಿಗೂ ಹೋದರು, ಕ್ಯಾಮೆರಾದ ಹಿಂದೆಯೂ ನಿಂತರು. 1970ರಲ್ಲಿ ಮ್ಯೂನಿಕ್‌ನ ಬವಾರಿಯಾ ಸ್ಟುಡಿಯೋದಲ್ಲಿ ನಿರ್ಮಾಪಕರಾದರು.

ಅಲ್ಲಿ ಅವರು ಮಾಡಿದ ಒಂದು ಕೆಲಸವನ್ನು ಹೇಳಲೇಬೇಕು. ಬ್ರಿಟನ್ನಿನಲ್ಲಿ ಮಾಂಟಿ ಪೈಥಾನ್ ಎಂಬ ಹಾಸ್ಯಗಾರರ ತಂಡ ತಲೆಬುಡವಿಲ್ಲದಂತೆ ತೋರುವ ತನ್ನ ಪ್ರಹಸನಗಳಿಂದ ಹೆಸರು ಮಾಡುತ್ತಿದ್ದ ಕಾಲವದು. ಜರ್ಮನರಿಗೆ ಹಾಸ್ಯಪ್ರಜ್ಞೆ ಇಲ್ಲ ಎಂಬುದು ಬ್ರಿಟಿಷರ ಹಳೆಯ ಕುಹಕ. ಬಿಯೋಲೆಕ್ ಆ ತಂಡವನ್ನೇ ಜರ್ಮನಿಗೆ ಕರೆಸಿ, ಜರ್ಮನ್ ವೀಕ್ಷಕರಿಗೆಂದೇ ಎರಡು ಕಾರ್ಯಕ್ರಮಗಳನ್ನು ಮಾಡಿಸಿದರು. 1971ರಲ್ಲಿ ತಯಾರಾದ ಮೊದಲನೆಯದರಲ್ಲಿ ಆ ನಟರು ಜರ್ಮನ್ ಭಾಷೆ ಬಾರದೆಯೇ ಸಂಭಾಷಣೆಯನ್ನು ಉಚ್ಚಾರಣೆಯ ಮಟ್ಟದಲ್ಲಿ ಬಾಯಿಪಾಠ ಮಾಡಿ ಒಪ್ಪಿಸಿದರು. ಅರ್ಥವಾಗದ ಮಾತನ್ನು ಗಂಭೀರ ಮುಖದಿಂದ ಆಡಿ ನಗಿಸುವ ಈ ಸಾಹಸ ಅಂದು ಎಷ್ಟು ಮಂದಿಗೆ ರುಚಿಸಿತೋ, ಇಂದಂತೂ ಹಾಸ್ಯಪ್ರಿಯರು ಅದನ್ನು ಹುಡುಕಿಕೊಂಡು ನೋಡುತ್ತಾರೆ.

ಅಮೆರಿಕದಲ್ಲಿ ಬೇರೂರಿದ್ದ ಟಾಕ್ ಷೋ ಎಂಬ ಪ್ರಕಾರ ಪಶ್ಚಿಮ ಜರ್ಮನಿಗೆ ಬಂದದ್ದು 1973ರಲ್ಲಿ. 1976ರಲ್ಲಿ ಕೊಲೋನ್ ನಗರದ ಡಬ್ಲ್ಯುಡಿಆರ್ ವಾಹಿನಿಯಲ್ಲಿ ‘ಕೊಲ್ನರ್ ಟ್ರೆಫ್’ ಎಂಬ ಮಾತುಕತೆಯ ಕಾರ್ಯಕ್ರಮ ಶುರುವಾದಾಗ, ಡೀಟರ್ ಥೋಮಾ ಎಂಬ ಪತ್ರಕರ್ತರ ಜೊತೆ ಬಿಯೋಲೆಕ್ ನಿರೂಪಕರಾದರು. ಎರಡು ವರ್ಷದ ನಂತರ ಬಂದ ‘ಬೀಯೋಸ್ ಬಾನ್‌ಹೋಫ್’ ಅವರನ್ನು ಮನೆಮಾತಾಗಿಸಿತು. ಬಾನ್‌ಹೋಫ್ ಎಂದರೆ ರೈಲು ನಿಲ್ದಾಣ. ಕೊಲೋನ್‌ಗೆ ಅಂಟಿಕೊಂಡಿರುವ ಫ್ರೆಖೆನ್ ಎಂಬ ಊರಿನಲ್ಲಿ ಬಳಕೆ ತಪ್ಪಿದ್ದ ರೈಲಿನ ಶೆಡ್ ಒಂದರಲ್ಲಿ ಈ ಕಾರ್ಯಕ್ರಮ ನಡೆಯುತ್ತಿತ್ತು. ಒಪೆರಾ ಹಾಡುವವರೂ ಪಾಪ್ ಗಾಯಕರೂ ಒಂದೇ ಸಂಜೆ ಒಂದೇ ಸೂರಿನಡಿ ಹಾಡುತ್ತಿದ್ದರು. ನಡುನಡುವೆ ಆ ಕಲಾವಿದರನ್ನು ಬಿಯೋಲೆಕ್ ಮಾತಿಗೆಳೆಯುತ್ತಿದ್ದರು. ಶಾಸ್ತ್ರೀಯ ಕಲೆಗೆ ಒಂದು ವೇದಿಕೆ, ಜನಪ್ರಿಯ ಕಲೆಗೆ ಇನ್ನೊಂದು ಎಂಬ ಮಡಿವಂತಿಕೆ ಬಲವಾಗಿದ್ದ ದೇಶದಲ್ಲಿ ಇದು ಸಣ್ಣ ಮಾತಲ್ಲ. 1978ರ ಫೆಬ್ರವರಿಯಲ್ಲಿ, ಹತ್ತೊಂಬತ್ತು ವರ್ಷದ ಇಂಗ್ಲಿಷ್ ಗಾಯಕಿ ಕೇಟ್ ಬುಷ್ ತಮ್ಮ ಬದುಕಿನಲ್ಲೇ ಮೊದಲ ಬಾರಿಗೆ ದೂರದರ್ಶನದಲ್ಲಿ ಹಾಡಿದ್ದು ಲಂಡನ್ನಿನಲ್ಲಲ್ಲ, ಈ ಶೆಡ್‌ನಲ್ಲಿ. ಮರುತಿಂಗಳು ಅವರ ಹಾಡು ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಆದರೂ ಅವರ ಕಸುಬು ಪೂರ್ತಿಯಾಗಿ ಅರಳಿದ್ದು 1991ರಿಂದ 2003ರವರೆಗೆ ಎಆರ್‌ಡಿ ವಾಹಿನಿಯಲ್ಲಿ ಮಂಗಳವಾರದ ರಾತ್ರಿಗಳಲ್ಲಿ ಬರುತ್ತಿದ್ದ ‘ಬೂಲ್ವಾರ್ ಬೀಯೋ’ದಲ್ಲಿ. 480ಕ್ಕೂ ಹೆಚ್ಚು ಕಂತುಗಳು ಪ್ರಸಾರವಾದವು. ಪ್ರಸಿದ್ಧರ ಪಕ್ಕದಲ್ಲೇ ಯಾರೂ ಹೆಸರು ಕೇಳದವರೂ ಕೂರುತ್ತಿದ್ದರು. ಆಗಷ್ಟೇ ಹುಟ್ಟಿಕೊಂಡಿದ್ದ ಖಾಸಗಿ ವಾಹಿನಿಗಳು ಮಧ್ಯಾಹ್ನದ ಹೊತ್ತಿನಲ್ಲಿ ಗಂಡಹೆಂಡಿರ ಜಗಳಗಳನ್ನು ಬೀದಿಗೆಳೆದು ಲಾಭ ಮಾಡಿಕೊಳ್ಳುತ್ತಿದ್ದಾಗ, ಬಿಯೋಲೆಕ್ ಅತಿಥಿಯ ಮರ್ಯಾದೆ ಕಾಪಾಡುವುದನ್ನೇ ತಮ್ಮ ವರಸೆ ಮಾಡಿಕೊಂಡರು. ಟಾಕ್ ಷೋಗಳಿಂದ ದೂರ ಇರುತ್ತಿದ್ದ ಚಾನ್ಸಲರ್ ಹೆಲ್ಮುಟ್ ಕೋಲ್ 1996ರಲ್ಲಿ ಬಂದು ಅವರೆದುರು ಕುಳಿತರು. 2002ರ ಏಪ್ರಿಲ್‌ನಲ್ಲಿ ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್ ಮತ್ತು ರಷ್ಯಾದ ಅಧ್ಯಕ್ಷ ವ್ಲಾದಿಮಿರ್ ಪುಟಿನ್ ಜೊತೆಯಾಗಿಯೇ ಬಂದರು. ಇಂಥವರನ್ನು ಹೂವಿನಂತೆ ನೋಡಿಕೊಂಡರು, ಚುಚ್ಚುವ ಒಂದು ಪ್ರಶ್ನೆಯೂ ಇರಲಿಲ್ಲ ಎಂದು ವಿಮರ್ಶಕರು ಆಕ್ಷೇಪಿಸಿದರು. ಅಧಿಕಾರಸ್ಥರ ಮಟ್ಟಿಗೆ ಆ ಆಕ್ಷೇಪ ನ್ಯಾಯವಾದದ್ದೇ. ಆತಿಥ್ಯ ಅವರಿಗೆ ಅನಾಯಾಸವಾಗಿ ಸಿಕ್ಕಿದ ಪ್ರಚಾರವಾಗುತ್ತದೆ. ಆದರೆ ಕ್ಯಾಮೆರಾ ಕಂಡರೆ ನಾಲಗೆ ಒಣಗುವ ಸಾಮಾನ್ಯ ಮನುಷ್ಯನ ಬಾಯಿಂದ ನಿಜವಾದ ಮಾತು ಹೊರಟದ್ದು ಇದೇ ಮೃದುತನದಿಂದ.

ಬೇರೆಯವರ ಖಾಸಗಿತನವನ್ನು ಇಷ್ಟು ಜೋಪಾನ ಮಾಡಿದವರ ಖಾಸಗಿತನವನ್ನೇ 1991ರ ಡಿಸೆಂಬರ್‌ನಲ್ಲಿ ಬಯಲಿಗೆ ತರಲಾಯಿತು. ಚಿತ್ರನಿರ್ದೇಶಕ ರೋಜಾ ಫಾನ್ ಪ್ರೌನ್‌ಹೈಮ್ ಖಾಸಗಿ ವಾಹಿನಿಯೊಂದರ ಕಾರ್ಯಕ್ರಮದಲ್ಲಿ, ಬಿಯೋಲೆಕ್ ಸಲಿಂಗಕಾಮಿ ಎಂದು ಅವರ ಒಪ್ಪಿಗೆಯಿಲ್ಲದೆ ಘೋಷಿಸಿದರು. ಆಗ ಬಿಯೋಲೆಕ್ ಅವರಿಗೆ 57 ವರ್ಷ. ಅವರು ಕಾನೂನು ತಜ್ಞರಾಗಿ ಕೆಲಸಕ್ಕೆ ಸೇರಿದ ಕಾಲದಲ್ಲಿ ವಯಸ್ಕ ಗಂಡಸರ ನಡುವಿನ ಇಂಥ ಸಂಬಂಧವೇ ಅಪರಾಧವಾಗಿತ್ತು. ದಂಡಸಂಹಿತೆಯ ಆ 175ನೆಯ ವಿಧಿ 1969ರಲ್ಲಿ ಸಡಿಲಗೊಂಡರೂ ಪೂರ್ತಿಯಾಗಿ ರದ್ದಾದದ್ದು 1994ರಲ್ಲಿ. ಆ ಘೋಷಣೆ ಮೊದಲು ಆಘಾತವನ್ನೇ ತಂದರೂ ಕೊನೆಗೆ ಬಿಡುಗಡೆಯಾಯಿತೆಂದು ಬಿಯೋಲೆಕ್ ಮುಂದೆ ಹೇಳಿಕೊಂಡರು. ವೀಕ್ಷಕರು ಅವರ ಕೈಬಿಡಲಿಲ್ಲ.

1994ರಲ್ಲೇ ಅವರು ಅಡುಗೆಮನೆಗೆ ಹೋದರು. ‘ಆಲ್ಫ್ರೆಡಿಸ್ಸಿಮೋ’ ಎಂಬ ಅಡುಗೆ ಕಾರ್ಯಕ್ರಮದಲ್ಲಿ ಅತಿಥಿ ಒಂದು ಅಡುಗೆ ಮಾಡಿದರೆ ಬಿಯೋಲೆಕ್ ಇನ್ನೊಂದು ಮಾಡುತ್ತಿದ್ದರು, ಪಕ್ಕದಲ್ಲಿ ವೈನ್ ಇರುತ್ತಿತ್ತು. ಕೈ ಈರುಳ್ಳಿ ಹೆಚ್ಚುತ್ತಿದ್ದರೆ ಬಾಯಿ ತಾನಾಗಿ ಸಡಿಲವಾಗುತ್ತದೆ ಎಂಬುದು ನಮ್ಮ ಹೆಂಗಸರಿಗೆ ಎಂದಿನಿಂದಲೂ ಗೊತ್ತಿರುವ ವಿಷಯ. ಜರ್ಮನ್ ದೂರದರ್ಶನದಲ್ಲಿ ಅದನ್ನು ಹೀಗೆ ಹದವಾಗಿ ಬಳಸಿದವರು ಅವರು. 2007ರವರೆಗೆ ಆ ಒಲೆ ಉರಿಯಿತು.

2010ರಲ್ಲಿ ಮೆಟ್ಟಿಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದ್ದ ಅವರು ನಿಧಾನವಾಗಿ ಚೇತರಿಸಿಕೊಂಡು, ಬರ್ಲಿನ್ ಬಿಟ್ಟು ಕೊಲೋನ್‌ಗೇ ಮರಳಿದರು. ಅಲ್ಲಿನ ಮನೆಯಲ್ಲಿ 2021ರ ಜುಲೈ 23ರಂದು, 87ನೆಯ ವಯಸ್ಸಿನಲ್ಲಿ, ಶಾಂತವಾಗಿ ಕಣ್ಣು ಮುಚ್ಚಿದರು.

ನಮಸ್ಕಾರ.