ನಾಲೆ ಏರಿ ಮೇಲೆ ಪಿಬಿ ಹುಡುಕಬೇಡಿ

ನಮಸ್ಕಾರ. ಕಾವೇರಿ ಟ್ರೇಲ್ ಮ್ಯಾರಥಾನ್‌ಗೆ ಹೆಸರು ಕೊಡೋಣ ಅಂತ ಯೋಚನೆ ಮಾಡುತ್ತಿರುವವರಿಗೆ ಇವತ್ತು ಒಂದು ಮಾತು ಹೇಳಲೇಬೇಕು. ಅಲ್ಲಿಗೆ ಪಿಬಿ (ಪರ್ಸನಲ್ ಬೆಸ್ಟ್, ಅಂದರೆ ನಿಮ್ಮ ಇದುವರೆಗಿನ ಅತಿ ವೇಗದ ಟೈಮಿಂಗ್) ಮಾಡಲು ಹೋಗಬೇಡಿ.

ನಾವ್ಯಾರೂ ಬಹುಮಾನಕ್ಕೆ ಓಡುವವರಲ್ಲ. ಆಫೀಸು, ಮನೆ, ಮಕ್ಕಳ ಸ್ಕೂಲು, ಇದೆಲ್ಲದರ ನಡುವೆ ಬೆಳಗ್ಗೆ ಐದಕ್ಕೆ ಎದ್ದು ಹೇಗೋ ಒಂದು ಗಂಟೆ ಹೊಂದಿಸಿಕೊಂಡು ಓಡುವ ಮಂದಿ. ಅಂಥವರು ಬೆಂಗಳೂರಿನಿಂದ ಶ್ರೀರಂಗಪಟ್ಟಣದ ತನಕ ಹೋಗಿ, ಅಷ್ಟು ಚೆಂದದ ಜಾಗದಲ್ಲಿ ಎರಡೆರಡು ನಿಮಿಷಕ್ಕೆ ವಾಚ್ ನೋಡುತ್ತಾ ಓಡುವುದನ್ನು ಕಂಡರೆ ನನಗೆ ನಿಜವಾಗಲೂ ಬೇಜಾರಾಗುತ್ತದೆ. ಟೈಮಿಂಗೇ ಬೇಕು ಅಂದರೆ ಟಾರು ರಸ್ತೆಯ ಓಟಗಳು ಬೇಕಾದಷ್ಟಿವೆ, ಅಲ್ವಾ?

ದಾರಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ರಂಗನತಿಟ್ಟು ಪಕ್ಷಿಧಾಮದ ಹತ್ತಿರ, ವಿರಿಜಾ ನಾಲೆಯ ಏರಿ ಮೇಲೆ ಈ ಓಟ. ಮಣ್ಣಿನ ದಾರಿ. ಒಂದು ಪಕ್ಕ ನಾಲೆ ನೀರು, ಇನ್ನೊಂದು ಪಕ್ಕ ಭತ್ತದ ಗದ್ದೆ, ನಡುನಡುವೆ ಕಬ್ಬು, ತೆಂಗು. ಹೋಗಿ ಅದೇ ದಾರಿಯಲ್ಲಿ ವಾಪಸ್ ಬಂದರೆ ಹಾಫ್, ಅಂದರೆ ಅರ್ಧ ಮ್ಯಾರಥಾನ್, ಮುಗಿಯಿತು. ಫುಲ್, ಅಂದರೆ ಪೂರ್ತಿ ಮ್ಯಾರಥಾನ್ ಓಡುವವರು ಅದನ್ನೇ ಇನ್ನೊಂದು ಸಲ ಸುತ್ತಬೇಕು, ಅಂದರೆ ಒಂದೇ ಗದ್ದೆಯನ್ನು ನಾಲ್ಕು ಸಲ ದಾಟುತ್ತೀರಿ. ಹಾಗಾದರೆ ಬೋರ್ ಆಗಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಬೆಳಗ್ಗೆ ಇಬ್ಬನಿ ಕೂತಿರುವ ಗದ್ದೆ ಬೇರೆ, ಬೆಳ್ಳಕ್ಕಿಗಳು ಇಳಿದ ಮೇಲಿನ ಗದ್ದೆ ಬೇರೆ, ಹತ್ತು ಗಂಟೆಯ ಬಿಸಿಲಿಗೆ ಕಣ್ಣು ಕುಕ್ಕುವ ಹಸಿರು ಇನ್ನೂ ಬೇರೆ. ತಲೆ ಎತ್ತಿ ನೋಡುವಷ್ಟು ಉಸಿರು ಉಳಿದಿದ್ದರೆ ಬೋರ್ ಅನ್ನುವ ಮಾತೇ ಬರುವುದಿಲ್ಲ.

ಕಷ್ಟ ಇರುವುದೇ ಅಲ್ಲಿ. 42.195 ಕಿಲೋಮೀಟರ್ ಅಂದರೆ ಹಾಫ್‌ನ ಎರಡರಷ್ಟು ಅಂತ ಸುಮ್ನೆ ಗುಣಿಸಿಕೊಂಡು ಹೋಗುವವರು ಜಾಸ್ತಿ. ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಓಟಕ್ಕೆ ಶಕ್ತಿ ಕೊಡುವ ಸಕ್ಕರೆಯ ದಾಸ್ತಾನು, ಬಹಳ ಜನಕ್ಕೆ 30 ಕಿಲೋಮೀಟರ್ ಆಸುಪಾಸಿನಲ್ಲಿ ಖಾಲಿಯಾಗುತ್ತಾ ಬರುತ್ತದೆ. ಮೊದಲ ಸುತ್ತಿನಲ್ಲಿ ತಂಪು ಗಾಳಿ, ಜೊತೆಗೆ ನೂರಾರು ಜನ, ಆ ಹುಮ್ಮಸ್ಸಿನಲ್ಲಿ ಪೇಸ್ (ಓಟದ ವೇಗ) ಏರಿಸಿಬಿಟ್ಟರೆ ಇನ್ನೂ ಬೇಗ ಖಾಲಿ. ಎರಡನೇ ಸುತ್ತಿಗೆ ಹೊರಡುವ ಹೊತ್ತಿಗೆ ಹಾಫ್ ಓಡಿದವರೆಲ್ಲ ತಿಂಡಿಗೆ ಕೂತಿರುತ್ತಾರೆ, ಏರಿ ಮೇಲೆ ಜನ ಕಮ್ಮಿ, ಬಹಳ ಕಡೆ ನೆರಳಿಲ್ಲ, ಬಿಸಿಲಿಗೆ ಅದೇ ಪೇಸ್‌ನಲ್ಲೂ ಎದೆಬಡಿತ ಏರುತ್ತದೆ. ಆಗ ಕಣ್ಣು ಕಾಲ ಕೆಳಗಿನ ಮಣ್ಣು ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ದುಡ್ಡು ಕೊಟ್ಟು, ರಜೆ ಹಾಕಿ, ಯಾವ ನೋಟಕ್ಕೆ ಅಂತ ಬಂದಿದ್ದರೋ ಅದು ಪಕ್ಕದಲ್ಲೇ ಇದ್ದರೂ ಕಾಣುವುದಿಲ್ಲ.

ಅದಕ್ಕೇ ನನ್ನ ಪ್ರಕಾರ ಇಲ್ಲಿಗೆ ತಯಾರಿ ಮಾಡುವುದು 32ನೇ ಕಿಲೋಮೀಟರ್‌ನಲ್ಲೂ ತಲೆ ಎತ್ತಿ ಓಡುವುದಕ್ಕೆ. ಲಾಂಗ್ ರನ್‌ಗಳನ್ನು ಮಣ್ಣಿನ ದಾರಿಯಲ್ಲಿ ಮಾಡಿ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಏರಿ ಇದೆ, ಬೆಂಗಳೂರಿನ ಉತ್ತರದವರಿಗೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ ಇದೆ. ಆಗೊಮ್ಮೆ ಈಗೊಮ್ಮೆ ಬೇಕಂತಲೇ ತಡವಾಗಿ ಹೊರಟು ಬಿಸಿಲಿನಲ್ಲಿ ಓಡಿ ಮುಗಿಸಿ. ಬರೀ ನೀರು ಕುಡಿಯುತ್ತಾ ಹೋಗಬೇಡಿ, ಉಪ್ಪೂ ಬೇಕು. ಗಂಟೆಗಟ್ಟಲೆ ಬೆವರಿ ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಪ್ರಾಣಕ್ಕೇ ಅಪಾಯವಾಗಬಹುದು. ಹಾಫ್‌ನಲ್ಲೇ ಒದ್ದಾಡುತ್ತಿದ್ದೀರಾ? ಹಾಗಿದ್ದರೆ ಇಲ್ಲಿ ಹಾಫೇ ಓಡಿ. ಫೇಸ್‌ಬುಕ್‌ನಲ್ಲಿ ಫುಲ್ ಅಂತ ಹಾಕಿಕೊಳ್ಳುವ ಆಸೆಗೆ ಬೀಳಬೇಡಿ.

ಇನ್ನೊಂದು ವಿಷಯ ನನಗೆ ಇದಕ್ಕಿಂತ ಮುಖ್ಯ. ಈ ನೋಟ ತಾನಾಗಿ ಹುಟ್ಟಿದ್ದಲ್ಲ. ರಂಗನತಿಟ್ಟಿನ ನಡುಗಡ್ಡೆಗಳು ಮೂಡಿದ್ದೇ 1645-48ರಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟೆ ಕಟ್ಟಿದ ಮೇಲೆ. ಅಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ನೋಡಿ ಪಕ್ಷಿತಜ್ಞ ಸಲೀಂ ಅಲಿ ಅವರು ಆಗಿನ ಮೈಸೂರು ಮಹಾರಾಜರಿಗೆ ಹೇಳಿ, 1940ರಲ್ಲಿ ಪಕ್ಷಿಧಾಮವಾಯಿತು. ಕೆಆರ್‌ಎಸ್ ಬರುವುದಕ್ಕೆ ಮೊದಲೇ ಈ ಸೀಮೆಯ ಜನ ನದಿಗೆ ಅಡ್ಡ ಕಟ್ಟೆ ಹಾಕಿ ನಾಲೆಗೆ ನೀರು ತಿರುಗಿಸಿ ಗದ್ದೆ ಮಾಡಿದರು. ಆ ಕೆಲಸ ಇವತ್ತಿಗೂ ನಡೆಯುತ್ತಿದೆ. ನಾವು ಟ್ರೇಲ್ ಅಂತ ಕರೆಯುವ ಏರಿ ರೈತರು ದಿನಾ ಗೊಬ್ಬರ, ಹುಲ್ಲು ಸಾಗಿಸುವ ದಾರಿ. ಎತ್ತಿನಗಾಡಿ ಎದುರಾದರೆ ಪಕ್ಕಕ್ಕೆ ನಿಲ್ಲಬೇಕಾದವರು ನಾವು. ಹಸು ಹೊಡೆದುಕೊಂಡು ಬರುವ ಅಜ್ಜಿಗೆ 'ಸೈಡ್ ಸೈಡ್' ಅಂತ ಕೂಗುವುದನ್ನು ಕೇಳಿದರೆ ನನಗೆ ಸಿಟ್ಟು ತಡೆಯಲು ಆಗುವುದಿಲ್ಲ. ಓಡುವಾಗ ಶಕ್ತಿಗೆ ಅಂತ ತಿನ್ನುವ ಜೆಲ್‌ನ ಖಾಲಿ ಪ್ಯಾಕೆಟ್ಟನ್ನು ನಾಲೆಗೆ ಎಸೆದರೆ ಅದು ಮುಂದಿನ ತೂಬಿನಲ್ಲಿ ಸಿಕ್ಕಿಕೊಳ್ಳುತ್ತದೆ, ಇಲ್ಲಾಂದರೆ ಯಾರದೋ ಗದ್ದೆಗೆ ಹೋಗುತ್ತದೆ. ಶಾರ್ಟ್ಸ್‌ಗೆ ಜೇಬು ಇದೆಯಲ್ಲ, ಅದರಲ್ಲಿ ಇಟ್ಟುಕೊಳ್ಳಿ.

ಓಟ ಮುಗಿದ ತಕ್ಷಣ ಕಾರು ಹತ್ತಿ ಎಕ್ಸ್‌ಪ್ರೆಸ್‌ವೇ ಹಿಡಿಯಬೇಡಿ. ಸೋಮವಾರ ಒಂದು ರಜೆ ಸಿಕ್ಕಿದರೆ ಅಲ್ಲೇ ಉಳಿಯಿರಿ. ಮನೆಯವರನ್ನೂ ಕರೆದುಕೊಂಡು ರಂಗನತಿಟ್ಟಿಗೆ ಹೋಗಿ. ಆದರೆ ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟಾಗ ಬೋಟಿಂಗ್ ನಿಲ್ಲಿಸುತ್ತಾರೆ, ಹೊರಡುವ ಮೊದಲು ವಿಚಾರಿಸಿಕೊಳ್ಳಿ.