ಹೆಸರು ಮರೆತುಹೋದ ಆ ಕಾರ್ಯಕ್ರಮ

ಕೇಳುಗರಿಗೆ ನಮಸ್ಕಾರ.

ಚಿಕ್ಕಂದಿನಲ್ಲಿ ಟಿವಿಯಲ್ಲಿ ನೋಡಿದ ಯಾವುದೋ ಒಂದು ಕಾರ್ಯಕ್ರಮ. ಹೆಸರು ಗೊತ್ತಿಲ್ಲ, ಕಥೆ ಮರೆತಿದೆ. ಒಂದು ಮುಖ, ಒಂದು ಹಾಡಿನ ಎಳೆ, ಬಾಗಿಲು ತೆರೆದಾಗ ಆದ ಹೆದರಿಕೆ, ಇಷ್ಟೇ ಉಳಿದಿರುವುದು. ಮನೆಯವರನ್ನು ಕೇಳಿದರೆ, "ಅಂಥದ್ದು ಬರ್ತಾನೇ ಇರಲಿಲ್ಲ, ನೀನು ಕನಸು ಕಂಡಿರಬೇಕು" ಅನ್ನುತ್ತಾರೆ. ಹೀಗೆ ಹುಡುಕುತ್ತಿರುವವರಿಗೆ ನಾನಿವತ್ತು ಹೇಳಬೇಕೆಂದಿರುವುದು ಒಂದೇ ಮಾತು. ಯಾರನ್ನೂ ಕೇಳುವುದಕ್ಕೆ ಮೊದಲು, ನೆನಪಿರುವಷ್ಟನ್ನು ನೆನಪಿರುವ ಹಾಗೆಯೇ ಬರೆದಿಡಿ.

ಯಾಕೆ ಅಂತೀರಾ? 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. ವಿದ್ಯಾರ್ಥಿಗಳಿಗೆ ಕಾರು ಅಪಘಾತದ ತುಣುಕೊಂದನ್ನು ತೋರಿಸಿ, ಕಾರುಗಳ ವೇಗ ಎಷ್ಟಿತ್ತು ಅಂತ ಕೇಳಿದರು. ಕೆಲವರಿಗೆ "ಕಾರುಗಳು ಡಿಕ್ಕಿಯಾದಾಗ" ಅಂದರು, ಇನ್ನು ಕೆಲವರಿಗೆ "ಅಪ್ಪಳಿಸಿ ನುಚ್ಚುನೂರಾದಾಗ" ಅಂದರು. ವಾರ ಬಿಟ್ಟು, ಒಡೆದ ಗಾಜು ನೋಡಿದಿರಾ ಅಂತ ವಿಚಾರಿಸಿದರು. ಆ ತುಣುಕಿನಲ್ಲಿ ಒಡೆದ ಗಾಜು ಇರಲೇ ಇಲ್ಲ. ಮೆತ್ತಗಿನ ಮಾತು ಕೇಳಿದ್ದ 50 ಜನರಲ್ಲಿ 7 ಮಂದಿ ಹೌದು ಅಂದರೆ, ಜೋರು ಮಾತು ಕೇಳಿದ್ದ 50ರಲ್ಲಿ 16 ಮಂದಿ ಹೌದು ಅಂದರು. ಒಂದೇ ವಾರದ ನೆನಪು ಅದು. ನಾವು ಹುಡುಕುತ್ತಿರುವುದು ಮೂವತ್ತು ನಲವತ್ತು ವರ್ಷ ಹಳೆಯದನ್ನು. ಪ್ರೀತಿಯ ಗೆಳೆಯರೊಬ್ಬರು "ಅದರಲ್ಲಿ ಕೆಂಪು ಟೋಪಿ ಗೊಂಬೆ ಇತ್ತಲ್ಲ?" ಅಂದರೆ ಸಾಕು, ನಾಳೆಯಿಂದ ನಿಮ್ಮ ಗೊಂಬೆಗೂ ಕೆಂಪು ಟೋಪಿ ಬಂದುಬಿಡಬಹುದು. ಆದ್ದರಿಂದ, ಯಾರಾದರೂ ನಿಮ್ಮ ಹತ್ತಿರ ಇಂಥ ನೆನಪು ಹೇಳಿಕೊಂಡರೆ, "ಆಮೇಲೆ?" ಅಂತಷ್ಟೇ ಕೇಳಿ. ವಿವರ ತುಂಬಿಕೊಡಬೇಡಿ.

ಮನಸ್ಸಿಗೆ ಇನ್ನೊಂದು ಗುಣವಿದೆ. ಅರ್ಥವಾಗದ್ದನ್ನು ಅದು ಪರಿಚಿತವಾದದ್ದಕ್ಕೆ ಒಗ್ಗಿಸಿಕೊಳ್ಳುತ್ತದೆ. ಬ್ರಿಟನ್ನಿನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ ದೂರದ ಜನಾಂಗವೊಂದರ ಕಥೆಯನ್ನು ಓದಿಸಿ, ಆಗಾಗ ನೆನಪಿನಿಂದ ಬರೆಸುತ್ತಿದ್ದರು. ಬರೆಯುತ್ತ ಬರೆಯುತ್ತ ಮರದ ಕಿರುದೋಣಿ ಸಾದಾ ದೋಣಿಯಾಯಿತು, ಸೀಲ್ ಎಂಬ ಕಡಲಪ್ರಾಣಿಯ ಬೇಟೆ ಮೀನು ಹಿಡಿಯುವುದಾಯಿತು. 1932ರಲ್ಲಿ ಅವರು ಇದನ್ನೆಲ್ಲ ಪ್ರಕಟಿಸಿದರು. ಇದರಿಂದ ನಾನು ಕಲಿತದ್ದು, ವಿಚಿತ್ರವಾಗಿ ಕಾಣುವ ವಿವರವನ್ನೇ ಹೆಚ್ಚು ನಂಬಬೇಕು ಅಂತ. ನನ್ನಲ್ಲೂ ಅಂಥದ್ದೊಂದಿದೆ. ಗಂಟೆ ಬಾರಿಸುತ್ತ ಹೋಗುವ ಮುದುಕ, ಅವನ ಕಾಲಿಗೆ ಒಂದೇ ಚಪ್ಪಲಿ. ಮುದುಕನ ಗಡ್ಡ ನಾನೇ ಸೇರಿಸಿದ್ದಿರಬಹುದು. ಆ ಒಂಟಿ ಚಪ್ಪಲಿಯನ್ನು ಮಾತ್ರ ಬಿಟ್ಟುಕೊಡಲಾರೆ.

ಅಮೆರಿಕದ ಮಕ್ಕಳ ಕಾರ್ಯಕ್ರಮ ಸೆಸಮಿ ಸ್ಟ್ರೀಟ್‌ನಲ್ಲಿ 1975ರಲ್ಲಿ ಒಂದು ಪುಟ್ಟ ಆ್ಯನಿಮೇಶನ್ ಬಂದಿತ್ತು. ಹುಡುಗಿಯೊಬ್ಬಳು ಮಲಗಿದಲ್ಲಿಂದಲೇ ಗೋಡೆಯ ಬಿರುಕುಗಳನ್ನು ನೋಡುತ್ತಿರುತ್ತಾಳೆ. ಬಿರುಕು ಒಂಟೆಯಾಗುತ್ತದೆ, ಕೋಳಿಯಾಗುತ್ತದೆ, ಮಂಗವಾಗುತ್ತದೆ, ಕೊನೆಗೆ ಒಂದು ಕೆಟ್ಟ ಮುಖವಾಗುತ್ತದೆ. ನೋಡಿ ಬೆಚ್ಚಿದ ಮಕ್ಕಳು ದೊಡ್ಡವರಾಗಿ ಅದನ್ನು ಹುಡುಕಿದರು. ಗೋಡೆಯ ಬಿರುಕು ಒಂಟೆಯಾಯಿತು ಅಂದರೆ ಯಾರು ನಂಬಬೇಕು? ಆದರೆ 2013ರಲ್ಲಿ ಆ ತುಣುಕು ಮತ್ತೆ ಸಿಕ್ಕಿತು, ಒಂಟೆ ಅಲ್ಲೇ ಇತ್ತು. ಹಾಗೆಯೇ ಅಮೆರಿಕದಲ್ಲಿ ನೋಡಿದ್ದ, ಗಡಿಯಾರದ ಮನುಷ್ಯ ಬಂದು ಹುಡುಗಿಯನ್ನು ಒಯ್ಯುವ ಕಿರುಚಿತ್ರವೊಂದನ್ನು ಹುಡುಕುತ್ತ ಹೋದವರಿಗೆ ಅದು ಸಿಕ್ಕಿದ್ದು ಚೆಕೊಸ್ಲೊವಾಕಿಯಾದಲ್ಲಿ ತಯಾರಾದದ್ದಾಗಿ. ಆಗ ಇಂಥ ಕಿರುಚಿತ್ರಗಳನ್ನು ಬೇರೆ ದೇಶಗಳಿಂದ ತಂದು ಡಬ್ ಮಾಡುವುದು ಸಾಮಾನ್ಯವಾಗಿತ್ತು. ನಿಮ್ಮ ಭಾಷೆಯಲ್ಲಿ ಕೇಳಿದ್ದೀರಿ ಅಂದಮಾತ್ರಕ್ಕೆ ಅದು ನಿಮ್ಮ ದೇಶದ್ದೇ ಆಗಬೇಕಿಲ್ಲ.

ಬರೆದಿಡುವಾಗ ಕಾರ್ಯಕ್ರಮದ ಸುತ್ತಲಿನದನ್ನೂ ಬರೆಯಿರಿ. ಯಾವ ಮನೆಯಲ್ಲಿ ನೋಡಿದಿರಿ, ಪಕ್ಕದಲ್ಲಿ ಯಾರು ಕೂತಿದ್ದರು, ತಂಗಿ ಹುಟ್ಟಿದ್ದಳೋ ಇಲ್ಲವೋ, ಶಾಲೆಯಿಂದ ಬಂದಮೇಲೋ ರಜೆಯ ಬೆಳಿಗ್ಗೆಯೋ. ವರ್ಷ ಸಿಗುವುದು ಇದರಿಂದಲೇ. ವರ್ಷ ಸಿಕ್ಕರೆ ಹಳೆಯ ಪತ್ರಿಕೆಗಳಲ್ಲಿ ಅಚ್ಚಾದ ಟಿವಿ ಕಾರ್ಯಕ್ರಮಗಳ ಪಟ್ಟಿ ನೋಡಬಹುದು. ಬಿಬಿಸಿಯವರು 1923ರಿಂದ 2009ರವರೆಗಿನ ತಮ್ಮ ವಾರಪತ್ರಿಕೆಯ ಪಟ್ಟಿಗಳನ್ನು ಎಲ್ಲರೂ ಹುಡುಕಬಹುದಾದಂತೆ ತೆರೆದಿಟ್ಟಿದ್ದಾರೆ. ಎರಡು ದೃಶ್ಯ ನೆನಪಿದ್ದರೆ ಬೇರೆ ಬೇರೆ ಹಾಳೆಯಲ್ಲಿ ಬರೆಯಿರಿ. ಎರಡೂ ಒಂದೇ ಕಾರ್ಯಕ್ರಮದ್ದು ಅನ್ನುವುದಕ್ಕೆ ಏನು ಆಧಾರ?

ಹುಡುಕಿದ್ದು ಸಿಗದೆಯೂ ಹೋಗಬಹುದು, ಇದನ್ನು ಮುಚ್ಚಿಡಲಾರೆ. ಟಿವಿಯ ಮೊದಲ ವರ್ಷಗಳಲ್ಲಿ ಬಹಳಷ್ಟು ನೇರ ಪ್ರಸಾರ. 1956ರಲ್ಲಿ ವಿಡಿಯೊ ಟೇಪ್ ಯಂತ್ರ ಬಂತು, ಆದರೆ ಟೇಪು ದುಬಾರಿ. ಒಂದು ಕಾರ್ಯಕ್ರಮ ಅಳಿಸಿ ಅದರ ಮೇಲೆ ಇನ್ನೊಂದನ್ನು ಮುದ್ರಿಸುತ್ತಿದ್ದರು. ಬಿಬಿಸಿಯ 1960ರ ದಶಕದ ಡಾಕ್ಟರ್ ಹೂ ಧಾರಾವಾಹಿಯ ಎಷ್ಟೋ ಕಂತುಗಳ ಮೂಲ ಟೇಪು ಹೀಗೇ ಹೋಯಿತು. ವಿದೇಶಗಳಿಗೆ ಮಾರಿದ್ದ ಫಿಲ್ಮ್ ಪ್ರತಿಗಳಿಂದ ಕೆಲವು ವಾಪಸು ಬಂದವು. 2013ರಲ್ಲಿ ನೈಜೀರಿಯಾದಿಂದ ಒಂಬತ್ತು ಕಂತು ಬಂದವು. ಚಿತ್ರ ಕಳೆದುಹೋದ ಕಂತುಗಳ ಧ್ವನಿ ಮಾತ್ರ ಪೂರ್ತಿ ಉಳಿದಿದೆ. ಅದನ್ನು ಉಳಿಸಿದವರು, ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಕೂತಿದ್ದ ವೀಕ್ಷಕರು.

ನಿಮ್ಮ ಮನೆಯಲ್ಲೂ ಹಳೆಯ ವಿಡಿಯೊ ಕ್ಯಾಸೆಟ್ಟುಗಳಿದ್ದರೆ ಎಸೆಯುವ ಮುನ್ನ ಒಮ್ಮೆ ಪೂರ್ತಿ ಓಡಿಸಿ ನೋಡಿ. ಮೇಲೆ ಸಿನಿಮಾ ಹೆಸರು ಬರೆದಿರುತ್ತದೆ, ಅದು ಮುಗಿದ ಮೇಲೂ ರೆಕಾರ್ಡಿಂಗ್ ನಡೆದಿರುತ್ತದೆ. ಆ ಕೊನೆಯ ಹತ್ತು ನಿಮಿಷದಲ್ಲಿ ಜಾಹೀರಾತು, ಮುಂದಿನ ಕಾರ್ಯಕ್ರಮದ ಶುರುವಿನ ಹಾಡು ಇರಬಹುದು. ಟೇಪಿನ ಕಾಂತೀಯ ಲೇಪ ವರ್ಷದಿಂದ ವರ್ಷಕ್ಕೆ ಹಾಳಾಗುತ್ತದೆ, ಓಡಿಸುವ ಯಂತ್ರಗಳೂ ಕಡಿಮೆಯಾಗುತ್ತಿವೆ. ಈ ಕೆಲಸವನ್ನು ಈ ವರ್ಷವೇ ಮಾಡಿ. ನಮಸ್ಕಾರ.