ತಾನು ಬರೆದ ಹಾಡನ್ನು ತಾನೇ ಹೊರಬೇಕಾದಾಗ: ಸಾರಾ ಬರೆಲಿಸ್

[ದೃಶ್ಯ: ಕತ್ತಲು. ಬೆಳಕಿನ ಒಂದು ವೃತ್ತದಲ್ಲಿ ಹಿಟ್ಟು ನಾದುತ್ತಿರುವ ಎರಡು ಕೈ.]

ನಮಸ್ಕಾರ. 2016. ನ್ಯೂಯಾರ್ಕಿನ ಬ್ರಾಡ್‌ವೇ, ಅಂದರೆ ಅಮೆರಿಕದ ದೊಡ್ಡ ನಾಟಕಮಂದಿರಗಳಿರುವ ಜಾಗ. ಅಲ್ಲಿ ಒಂದು ಥಿಯೇಟರ್. ಬಾಗಿಲು ದಾಟಿದ ಕೂಡಲೇ ಘಮ್ಮೆಂದು ಮೂಗಿಗೆ ಬಡಿಯುತ್ತದೆ, ಬಿಸಿ ಬಿಸಿ ಪೈ ವಾಸನೆ. ಪೈ ಅಂದರೆ ಹಿಟ್ಟಿನ ಹೊದಿಕೆಯೊಳಗೆ ಹೂರಣ ತುಂಬಿ ಬೇಯಿಸುವ ತಿಂಡಿ. ಅದು ಸೆಂಟ್ ಅಲ್ಲ. ಲಾಬಿಯಲ್ಲಿ ನಿಜವಾಗಿಯೂ ಪೈ ಬೇಯಿಸುತ್ತಿದ್ದರು. ನಾಟಕ ಶುರುವಾಗುವ ಮೊದಲೇ ನೀವು ಕಥೆಯ ಅಡುಗೆಮನೆಯಲ್ಲಿ ಇರುತ್ತೀರಿ.

ಅದೊಂದು ಮ್ಯೂಸಿಕಲ್, ಅಂದರೆ ಹಾಡುಗಳ ಮೂಲಕ ಕಥೆ ಸಾಗುವ ನಾಟಕ. ಹೆಸರು 'ವೇಯ್ಟ್ರೆಸ್'. ಅದರ ಹಾಡುಗಳನ್ನು ಬರೆದವರು ಸಾರಾ ಬರೆಲಿಸ್. ಮುಂದಿನ ವರ್ಷ ಅದೇ ನಾಟಕದ ನಾಯಕಿಯಾಗಿ ವೇದಿಕೆ ಹತ್ತಿದವರೂ ಅವರೇ. ಇವತ್ತು ಮಾತಾಡಬೇಕಾದದ್ದು ಇದರ ಬಗ್ಗೆಯೇ. ಬೇರೊಬ್ಬರ ಬಾಯಿಗೆ ಅಂತ ಬರೆದ ಹಾಡು ಬರೆದವರ ಗಂಟಲಿಗೇ ವಾಪಸ್ ಬಂದರೆ ಏನಾಗುತ್ತದೆ?

ಸಾರಾ ಹುಟ್ಟಿದ್ದು 1979ರಲ್ಲಿ, ಕ್ಯಾಲಿಫೋರ್ನಿಯಾದ ಯುರೀಕಾದಲ್ಲಿ. ಹೈಸ್ಕೂಲಿನಲ್ಲೇ ಮ್ಯೂಸಿಕಲ್‌ಗಳಲ್ಲಿ ಪಾತ್ರ ಮಾಡಿದ್ದರು. ಆದರೆ ಜನ ಗುರುತಿಸಿದ್ದು ಪಾಪ್ ಗಾಯಕಿಯಾಗಿ. 2007ರಲ್ಲಿ ಬಂದ 'ಲವ್ ಸಾಂಗ್' ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಏರಿತು. ಹೆಸರು ಕೇಳಿದರೆ ಪ್ರೇಮಗೀತೆ ಅನ್ನಿಸುತ್ತದೆ, ಅಲ್ವಾ? ರೆಕಾರ್ಡ್ ಕಂಪನಿಯವರು ಸುಲಭವಾಗಿ ಮಾರಾಟವಾಗುವಂಥ ಹಾಡು ಬೇಕು ಅಂತ ಕೂತಿದ್ದರು. ಆ ಒತ್ತಡಕ್ಕೆ ಬೇಸತ್ತು, ನೀವು ಕೇಳಿದಿರಿ ಅಂತ ನಾನು ಬರೆಯುವುದಿಲ್ಲ ಅನ್ನುವುದನ್ನೇ ಅವರು ಹಾಡು ಮಾಡಿಬಿಟ್ಟರು. ಅಲ್ಲಿ ಹಟ ಹಿಡಿದು ಮಾತಾಡುತ್ತಿರುವುದು ಸಾರಾ ಅವರೇ.

[ದೃಶ್ಯ: ರಸ್ತೆ ಬದಿಯ ಡೈನರ್, ಅಂದರೆ ಸಣ್ಣ ಹೋಟೆಲ್. ಗೋಡೆಗೆ ಕಪ್ಪು ಹಲಗೆ, ಮೇಲೆ ಸೀಮೆಸುಣ್ಣದಲ್ಲಿ ಮೆನು.]

'ವೇಯ್ಟ್ರೆಸ್' ಹಾಗಲ್ಲ. ಇದು ಮೊದಲು ಸಿನಿಮಾ. ಬರೆದು ನಿರ್ದೇಶಿಸಿದವರು ಏಡ್ರಿಯನ್ ಶೆಲ್ಲಿ. 2007ರಲ್ಲಿ ಸಿನಿಮಾ ಬಿಡುಗಡೆಯಾಯಿತು, ಆದರೆ ನೋಡಲು ಅವರೇ ಇರಲಿಲ್ಲ. 2006ರ ನವೆಂಬರ್‌ನಲ್ಲಿ ಅವರ ಕೊಲೆಯಾಗಿತ್ತು. ಅವರು ಬಿಟ್ಟುಹೋದ ಕಥೆಯನ್ನು ಮ್ಯೂಸಿಕಲ್ ಮಾಡಲು ನಿರ್ದೇಶಕಿ ಡಯಾನ್ ಪೌಲಸ್ ಕೈಹಾಕಿದರು. ಜೆಸ್ಸಿ ನೆಲ್ಸನ್ ಸಂಭಾಷಣೆ, ಲೋರಿನ್ ಲಟಾರೋ ನೃತ್ಯ ಸಂಯೋಜನೆ, ಸಾರಾ ಹಾಡುಗಳು. ಈ ನಾಲ್ಕೂ ಮುಖ್ಯ ಜಾಗಗಳಲ್ಲಿ ಮಹಿಳೆಯರೇ ಇದ್ದದ್ದು ಬ್ರಾಡ್‌ವೇ ಮ್ಯೂಸಿಕಲ್‌ಗಳಲ್ಲಿ ಅದೇ ಮೊದಲು. 2016ರಲ್ಲಿ ಅನ್ನುವುದನ್ನು ಮರೆಯಬೇಡಿ. ಅಷ್ಟು ತಡ!

ಕಥೆಯ ನಾಯಕಿ ಜೆನ್ನಾ. ಡೈನರ್ ಒಂದರಲ್ಲಿ ಕೆಲಸ. ಪೈ ಮಾಡುವುದರಲ್ಲಿ ಎತ್ತಿದ ಕೈ. ಮನೆಯಲ್ಲಿ ಗಂಡ ಅರ್ಲ್, ಬೈಗುಳ, ಭಯ. ಬೇಡದ ಹೊತ್ತಿನಲ್ಲಿ ಬಸಿರು. ಟಿಪ್ಸ್ ಹಣವನ್ನು ಚೂರು ಚೂರೇ ಮನೆಯ ಮೂಲೆಗಳಲ್ಲಿ ಬಚ್ಚಿಡುತ್ತಾಳೆ, ಓಡಿಹೋಗುವುದಕ್ಕೆ.

ಈಗ ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ.

ಎರಡನೇ ಅಂಕ ಮುಗಿಯುತ್ತಾ ಬಂದಿದೆ. ಅರ್ಲ್‌ಗೆ ಆ ಹಣ ಸಿಗುತ್ತದೆ. ಅಷ್ಟನ್ನೂ ಕಿತ್ತುಕೊಳ್ಳುತ್ತಾನೆ. ಜೆನ್ನಾ ಒಬ್ಬಳೇ ಉಳಿಯುತ್ತಾಳೆ. ಆಗ ಬರುತ್ತದೆ 'ಶೀ ಯೂಸ್ಡ್ ಟು ಬಿ ಮೈನ್'. ಒಂದು ಕಾಲಕ್ಕೆ ಅವಳು ನನ್ನವಳಾಗಿದ್ದಳು ಅಂತ ಅರ್ಥ.

ಹಾಡು ಶುರುವಾಗುವಾಗ ಅದು ಹಾಡೇ ಅಲ್ಲವೇನೋ ಅನ್ನಿಸುತ್ತದೆ. ಕೆಳಗಿನ ಸ್ವರದಲ್ಲಿ, ಸುಮ್ನೆ ಮಾತಾಡಿಕೊಂಡ ಹಾಗೆ. ಮೊದಲು 'ನಾನು' ಅಂತಲೇ ಹೇಳುತ್ತಾಳೆ. ಸ್ವಲ್ಪ ಹೊತ್ತಿಗೆ ಆ 'ನಾನು' ಜಾರಿ 'ಅವಳು' ಆಗುತ್ತದೆ. ಯಾರು ಅವಳು? ಬೇರೆ ಯಾರೂ ಅಲ್ಲ, ಹಿಂದಿನ ಜೆನ್ನಾ. ತನ್ನನ್ನೇ ಕಳೆದುಹೋದ ಗೆಳತಿಯ ಹಾಗೆ ನೆನೆಸಿಕೊಳ್ಳುತ್ತಾಳೆ. ಅವಳ ಗುಣ ಹೇಳುತ್ತಾಳೆ, ತಪ್ಪೂ ಹೇಳುತ್ತಾಳೆ. ಒಂದೇ ಒಂದು ಸರ್ವನಾಮ ಬದಲಾದದ್ದಕ್ಕೆ ನನಗೆ ಮೈ ಜುಂ ಅನ್ನುತ್ತದೆ, ಎಷ್ಟು ಸಲ ಕೇಳಿದರೂ.

ಆಮೇಲೆ ದನಿ ಮೇಲೇರುತ್ತದೆ. ಹೊಟ್ಟೆಯಲ್ಲಿ ಒಂದು ಜೀವ ಬೆಳೆಯುತ್ತಿದೆ, ಸತ್ತೇಹೋಗಿದ್ದ ಕೆಚ್ಚು ಅದರ ಜೊತೆ ಮತ್ತೆ ಉಸಿರಾಡುತ್ತದೆ. ಗಾಯಕಿ ಎದೆಯ ದನಿಯಲ್ಲೇ ಎತ್ತರಕ್ಕೆ ಹೋಗಬೇಕು. ಇದಕ್ಕೆ ಬೆಲ್ಟಿಂಗ್ ಅನ್ನುತ್ತಾರೆ. ಕೂಗಿದ ಹಾಗೆ ಕೇಳಬೇಕು, ಕೂಗಬಾರದು. ಉಸಿರಿನ ಲೆಕ್ಕ ಚೂರು ತಪ್ಪಿದರೂ ಗಂಟಲು ಹೋಯಿತು.

ಪಾಪ್ ಹಾಡಿನಲ್ಲಿ ಪಲ್ಲವಿ ತಿರುಗಿ ಬಂದಾಗ ಮನಸ್ಸು ಇದ್ದಲ್ಲೇ ಇದ್ದರೂ ನಡೆಯುತ್ತದೆ. ನಾಟಕದಲ್ಲಿ ಸಾಲದು. ಹಾಡು ಶುರುವಾದಾಗ ಇದ್ದ ಜೆನ್ನಾ ಬೇರೆ, ಮುಗಿದಾಗ ಇರುವ ಜೆನ್ನಾ ಬೇರೆ ಆಗಿರಬೇಕು. ಇಲ್ಲದಿದ್ದರೆ ಕಥೆ ಅಲ್ಲೇ ನಿಲ್ಲುತ್ತದೆ.

ಬ್ರಾಡ್‌ವೇಯಲ್ಲಿ ಈ ಪಾತ್ರವನ್ನು ಮೊದಲು ಮಾಡಿದವರು ಜೆಸ್ಸಿ ಮುಲ್ಲರ್. 2017ರ ಮಾರ್ಚ್ 31ರಿಂದ ಸಾರಾ ಜೆನ್ನಾ ಆದರು. ಸ್ಟುಡಿಯೋದಲ್ಲಿ ಸರಿ ಬಾರದಿದ್ದರೆ ಇನ್ನೊಂದು ಟೇಕ್ ಇರುತ್ತದೆ. ಇಲ್ಲಿ ವಾರಕ್ಕೆ 8 ಪ್ರದರ್ಶನ, ಕೆಲವು ದಿನ ಎರಡೆರಡು. ಎರಡು ಗಂಟೆ ಹಾಡಿ, ನಟಿಸಿ, ಹಿಟ್ಟು ಚೆಲ್ಲಿ, ನಗಿಸಿ ಸಾಕಾದ ಮೇಲೆ ಅತಿ ಕಷ್ಟದ ಹಾಡು ಬರುತ್ತದೆ. ಅದನ್ನು ಅಲ್ಲಿ ಇಟ್ಟವರಲ್ಲಿ ಅವರೂ ಒಬ್ಬರು! ಬರೆಯುವವರಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ಬೇರೆ ಇಲ್ಲ ಅಂತ ನನಗೆ ಅನ್ನಿಸುತ್ತದೆ. ಪ್ರತಿ ಸಾಲಿನ ಭಾರ ಎಷ್ಟು ಅನ್ನುವುದು ಹೊತ್ತವರಿಗೇ ಗೊತ್ತು.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. 2018ರಲ್ಲಿ ಟಿವಿಯಲ್ಲಿ ನೇರ ಪ್ರಸಾರವಾದ 'ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್'ನಲ್ಲಿ ಮೇರಿ ಮ್ಯಾಗ್ಡಲೀನ್ ಪಾತ್ರ, ಟಿವಿಯ ದೊಡ್ಡ ಪ್ರಶಸ್ತಿಯಾದ ಎಮ್ಮಿಗೆ ನಾಮನಿರ್ದೇಶನ. 2022ರಲ್ಲಿ ಬ್ರಾಡ್‌ವೇಯ 'ಇನ್‌ಟು ದ ವುಡ್ಸ್' ಮ್ಯೂಸಿಕಲ್‌ನಲ್ಲಿ ಬೇಕರ್‌ನ ಹೆಂಡತಿಯ ಪಾತ್ರ. ಅಲ್ಲಿ ಹಾಡುಗಳು ಸ್ಟೀಫನ್ ಸೋಂಡ್‌ಹೈಮ್ ಅವರವು, ಸಾರಾ ಬರೀ ನಟಿ. ಅದಕ್ಕೆ ಬ್ರಾಡ್‌ವೇಯ ದೊಡ್ಡ ಪ್ರಶಸ್ತಿಯಾದ ಟೋನಿಯ ಶ್ರೇಷ್ಠ ನಟಿ ವಿಭಾಗದಲ್ಲಿ ನಾಮನಿರ್ದೇಶನವೂ ಬಂತು. ಹಾಡು ಬರೆಯುವ ಪಾಪ್ ತಾರೆ ಸುಮ್ನೆ ಬಂದು ಹೋದರು ಅನ್ನುವ ಮಾತು ಅಲ್ಲಿಗೆ ಮುಗಿಯಿತು.

ಆದರೆ ನನ್ನ ಮನಸ್ಸಿನಲ್ಲಿ ಜಾಸ್ತಿ ಉಳಿದಿರುವುದು ಅದಕ್ಕೆ ಒಂದು ವರ್ಷ ಮುಂಚಿನ ಸಂಗತಿ. ಕೋವಿಡ್‌ನಿಂದ 2020ರ ಮಾರ್ಚ್‌ನಲ್ಲಿ ಬ್ರಾಡ್‌ವೇ ಮುಚ್ಚಿತು. ಬ್ರಾಡ್‌ವೇಯಲ್ಲಿ ಮೊದಲು ಅರ್ಲ್ ಪಾತ್ರ ಮಾಡಿದ್ದ ನಿಕ್ ಕೊರ್ಡೆರೋ ಆ ಜುಲೈನಲ್ಲಿ ಕೋವಿಡ್‌ಗೆ ಬಲಿಯಾದರು. ವಯಸ್ಸು 41. ಜೆನ್ನಾಳ ಹಣ ಕಿತ್ತುಕೊಳ್ಳುತ್ತಿದ್ದ ಆ ಗಂಡ, ನಿಜದಲ್ಲಿ ಎಲ್ಲರಿಗೂ ಬೇಕಾಗಿದ್ದವರು. 'ಲಿವ್ ಯುವರ್ ಲೈಫ್' ಅನ್ನುವ ಹಾಡನ್ನು ಅವರೇ ಮಾಡಿ ಹಾಡಿದ್ದರು.

2021ರ ಸೆಪ್ಟೆಂಬರ್ 2ರಂದು 'ವೇಯ್ಟ್ರೆಸ್' ಮತ್ತೆ ಶುರುವಾಯಿತು. ಜೆನ್ನಾ ಆಗಿ ಸಾರಾ. ಹಿಂದೆ ಅದೇ ಡೈನರ್, ಅದೇ ಮೆನು ಹಲಗೆ. ಪೈಗಳ ಸಾಲಿನಲ್ಲಿ ಒಂದು ಹೊಸ ಹೆಸರು ಸೇರಿತ್ತು.

[ದೃಶ್ಯ: ಕಪ್ಪು ಹಲಗೆ. ಸೀಮೆಸುಣ್ಣದ ಅಕ್ಷರಗಳು ನಿಧಾನವಾಗಿ ಮೂಡುತ್ತವೆ: 'ಲಿವ್ ಯುವರ್ ಲೈಫ್' ಪೈ.]